ಹೋಟೆಲಿನಲ್ಲಿ ಒಂದು ಮಂಡಲ

ಕಳೆದ ಕಾರ್ತಿಕದಲ್ಲಿ ಅರಕಲಗೂಡಿಗೆ ಬಂಧುಗಳ ಮನೆಯ ಉಪನಯನಕ್ಕೆ ಹೋಗಿದ್ದೆ. ಛತ್ರದ ಸೂರು ಅಕಾಲದ ಮಳೆಗೆ ಸೋರಿ, ಹಿರಿಯರು ಕೂರಲೆಂದು ಹಾಸಿದ್ದ ಕೆಂಪು ರತ್ನಗಂಬಳಿಯ ಒಂದು ಅಂಚು ನೆನೆದಿತ್ತು. ನೆನೆದ ಉಣ್ಣೆ, ಹಳೆಯ ಧೂಳು, ಎಂದೋ ಮಡಿಕೆಯೊಳಗೆ ಇಟ್ಟಿದ್ದ ನುಸಿಗುಳಿಗೆ, ಇವೆಲ್ಲವೂ ಬೆರೆತ ಆ ವಾಸನೆ ಮೂಗಿಗೆ ತಾಕಿದೊಡನೆ ನಾನು ಅಲ್ಲಿರಲಿಲ್ಲ. ವಟುವಿಗೆ ಉಪದೇಶ ನಡೆಯುತ್ತಿದ್ದ ಪವಿತ್ರವಾದ ಹೊತ್ತಿನಲ್ಲಿ ಚಿತ್ತ ಬೇರೆಡೆಗೆ ಹರಿದುದಕ್ಕಾಗಿ ಮನಸ್ಸಿನಲ್ಲೇ ಕೈಮುಗಿದು, ಹರಿದ ಕಡೆಗೇ ಅದನ್ನು ಬಿಟ್ಟೆ. ಅದು ಹೋಗಿ ನಿಂತದ್ದು ಹಾಸನದ ಒಂದು ದೊಡ್ಡ ಹೋಟೆಲಿನ ಸಭಾಂಗಣದಲ್ಲಿ. ಮಹಾಮಾರಿಯ ವರ್ಷಗಳು ಕಳೆದ ಮೇಲೆ ಬಂದ ಒಂದು ಮಳೆಗಾಲದಲ್ಲಿ, ಆಷಾಢದ ಹುಣ್ಣಿಮೆಯಿಂದ ಗೌರಿ ಹಬ್ಬದ ಹಿಂದಿನ ದಿನದವರೆಗೆ, ನಾನು ಅಲ್ಲಿ ಅತಿಥಿಯಾಗಿದ್ದೆ.

ಹೊಳೆನರಸೀಪುರದಲ್ಲಿ, ಹೇಮಾವತಿಯ ದಡಕ್ಕೆ ಸಮೀಪದ ಪಾಠಶಾಲೆಯಲ್ಲಿ ಬಹುಕಾಲ ಸಂಸ್ಕೃತ ಕಲಿಸಿ ನಿವೃತ್ತನಾದವನು ನಾನು. ಆಮೇಲೆ, ಕರೆದವರ ಮನೆಗೆ ಹೋಗಿ ಪುರಾಣ ಓದಿ ಅರ್ಥ ಹೇಳುವ ಕೈಂಕರ್ಯವನ್ನು ಇಟ್ಟುಕೊಂಡಿದ್ದೇನೆ. ಆ ವರ್ಷ ಜ್ಯೇಷ್ಠದ ಕೊನೆಯಲ್ಲಿ ರುದ್ರಪ್ಪನವರು ನಮ್ಮ ಮನೆಗೆ ಬಂದರು. ಅವರ ತಂದೆ ಹಾಸನದಲ್ಲಿ ಆಲೂಗಡ್ಡೆ ಮಂಡಿ ನಡೆಸಿ ಬೆಳೆದವರು. ಆ ಗಳಿಕೆಯಲ್ಲಿ ಊರಿನ ದೊಡ್ಡ ರಸ್ತೆಯಲ್ಲಿ ಆ ಹೋಟೆಲನ್ನು ಕಟ್ಟಿಸಿದರು. ಒಂದು ಕಾಲಕ್ಕೆ ಬೇಲೂರು, ಹಳೇಬೀಡು ನೋಡಲು ಬಂದ ವಿದೇಶದವರೆಲ್ಲ ಇಳಿಯುತ್ತಿದ್ದುದು ಅಲ್ಲಿಯೇ. ಜಿಲ್ಲೆಗೆ ಬಂದ ಮಂತ್ರಿಗಳು ಅಲ್ಲಿಯೇ ಊಟ ಮಾಡುತ್ತಿದ್ದರು. ನಮ್ಮೂರಿನಲ್ಲಿ ಯಾರಾದರೂ ಸ್ವಲ್ಪ ಠೀವಿಯಿಂದ ನಡೆದರೆ ಆ ಹೋಟೆಲಿನ ಹೆಸರು ಹೇಳಿ, ಅಲ್ಲಿಂದ ಈಗಷ್ಟೇ ಎದ್ದು ಬಂದನೋ ಎಂದು ಕೇಳುವುದಿತ್ತು. ಆಮೇಲೆ ಹೆದ್ದಾರಿ ಊರ ಹೊರಗೆ ಹೋಯಿತು. ಹೆದ್ದಾರಿಯ ಬದಿಗೆ ಹೊಸ ಹೋಟೆಲುಗಳು ಎದ್ದವು. ಕಡೆಗೆ ಮಹಾಮಾರಿ ಬಂದು ಬಾಗಿಲನ್ನೇ ಹಾಕಿಸಿತು. ಮತ್ತೆ ತೆರೆದಾಗ ಒಳಗೆ ಬರುವವರಿಗೆ ಬೇರೆ ದಾರಿಗಳು ಅಭ್ಯಾಸವಾಗಿದ್ದವು.

ರುದ್ರಪ್ಪನವರು ಕುರ್ಚಿಯಲ್ಲಿ ಕೂರದೆ ಚಾಪೆಯ ಮೇಲೆ ಕುಳಿತು ವಿಷಯ ಹೇಳಿದರು. ಬೆಂಗಳೂರಿನ ಒಂದು ಪ್ರವಾಸ ಸಂಸ್ಥೆ ಹಿಂದೆ ವರ್ಷವಿಡೀ ತನ್ನ ಯಾತ್ರಿಗಳನ್ನು ಇವರಲ್ಲಿಗೆ ಕಳಿಸುತ್ತಿತ್ತು. ಈಗ ಮತ್ತೆ ಹೋಟೆಲುಗಳನ್ನು ಗೊತ್ತುಮಾಡುತ್ತಿದ್ದು, ಈ ಮಳೆಗಾಲದೊಳಗೆ ಒಂದು ದಿನ, ಮುಂಚೆ ಹೇಳದೆ, ಬಂದು ನೋಡಿಹೋಗುವರು. ಅವರು ಒಪ್ಪಿದರೆ ಹೋಟೆಲು ಉಳಿಯುತ್ತದೆ. ಒಪ್ಪದಿದ್ದರೆ, ಕಟ್ಟಡವನ್ನು ಕೆಡವಿ ಅಂಗಡಿಸಾಲು ಎಬ್ಬಿಸಲು ಕಾದಿರುವವರಿಗೆ ಕೊಡದೆ ಗತ್ಯಂತರವಿಲ್ಲ.

“ಅದಕ್ಕೆ ನಾನೇನು ಮಾಡಲಿ?” ಎಂದೆ.

“ಜೋಯಿಸರ ಹತ್ರ ಪ್ರಶ್ನೆ ಇಡಿಸ್ದೆ ಸ್ವಾಮಿ. ಈಜುಕೊಳ ತೋಡೋವಾಗ ಒಂದು ಅಮ್ಮನ ಕಲ್ಲು ಸಿಕ್ಕಿತ್ತು. ನಮ್ಮ ತಂದೆ ಕಾಂಪೌಂಡಿನಾಚೆ ಇಡ್ಸಿದ್ರು. ಅದನ್ನ ಒಳಕ್ಕೆ ತಂದು ಬೇವಿನ ಮರದಡಿ ಇಟ್ಟಾಯ್ತು. ಇನ್ನು ಒಂದು ಮಂಡಲ, ನಲವತ್ತೆಂಟು ದಿನ, ಆ ಕಟ್ಟಡದೊಳಗೇ ದೇವಿ ಪುರಾಣ ಓದ್ಸಿ, ಯಜಮಾನ ಕೂತು ಕೇಳ್ಬೇಕು ಅಂತ ಬಂತು.”

“ಪಾರಾಯಣದಿಂದ ನಲ್ಲಿಯಲ್ಲಿ ಬಿಸಿನೀರು ಬರುವುದಿಲ್ಲ, ರುದ್ರಪ್ಪನವರೇ.”

ಅವರು ನಕ್ಕರು. “ಅದನ್ನ ಪ್ಲಂಬರ್ ನೋಡ್ಕೊಳ್ತಾನೆ ಬಿಡಿ. ಪ್ಲಂಬರ್ ಕೈಲಿ ಆಗ್ದಿರೋದಕ್ಕೆ ತಾನೆ ನಿಮ್ಮನ್ನ ಕರಿಯಕ್ಕೆ ಬಂದಿರೋದು.”

ಭಗವತಿಯ ಕಥೆಯನ್ನು ಕೇಳುತ್ತೇನೆಂದು ಬಂದವರನ್ನು ಬೇಡವೆಂದು ಕಳಿಸುವ ಅಧಿಕಾರ ಓದುವವನಿಗಿಲ್ಲ. ಒಪ್ಪಿಕೊಂಡೆ. ನಿಯಮಗಳನ್ನೂ ಹೇಳಿದೆ: ಓದುವವನು ಅಧ್ಯಾಯದ ನಡುವೆ ನಿಲ್ಲಿಸಬಾರದು, ಸಂಕಲ್ಪ ಮಾಡಿದ ಯಜಮಾನನು ದಿನದ ಓದು ಆರಂಭವಾದಲ್ಲಿಂದ ಮಂಗಳಾರತಿಯವರೆಗೆ ಆಸನ ಬಿಟ್ಟು ಏಳಬಾರದು, ಮಾತಾಡಬಾರದು. ತಪ್ಪಿದರೆ ಪ್ರಾಯಶ್ಚಿತ್ತ ಉಂಟೆಂದೂ ಹೇಳಿದೆ. ಪ್ರಾಯಶ್ಚಿತ್ತದ ಮಾತನ್ನು ಅವರು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

ನನ್ನನ್ನು ಎರಡನೆಯ ಮಹಡಿಯ ಒಂದು ವಿಶಾಲವಾದ ಕೋಣೆಯಲ್ಲಿ ಇಳಿಸಿದರು. ಕಿಟಕಿಯಿಂದ ಈಜುಕೊಳ ಕಾಣುತ್ತಿತ್ತು. ಅದರಲ್ಲಿ ಮಳೆನೀರು ಹಸಿರುಗಟ್ಟಿ, ಸಂಜೆಯಾದರೆ ಕಪ್ಪೆಗಳು ನನ್ನ ಸಂಧ್ಯಾವಂದನೆಗೆ ಸ್ವರ ಕೂಡಿಸುತ್ತಿದ್ದವು. ಹಾಸಿಗೆಯ ಮೇಲಿನ ದುಪ್ಪಟಿ ಶುಭ್ರವಾಗಿತ್ತು, ಆದರೆ ಎಷ್ಟು ಸಲ ಒಗೆದದ್ದೆಂದರೆ ಅಂಗೈ ಇಟ್ಟರೆ ಕೆಳಗಿನ ಹಾಸಿಗೆಯ ಹೂಗಳು ಕಾಣುತ್ತಿದ್ದವು. ಮೇಜಿನ ಮೇಲೆ ಒಂದು ಗಂಟೆಯ ಗುಂಡಿ. ಒತ್ತಿದರೆ ಎಲ್ಲಿಯೂ ಏನೂ ಕೇಳಿಸುತ್ತಿರಲಿಲ್ಲ. ನನ್ನ ಅಡುಗೆ ನನ್ನದೇ. ಅಡುಗೆಮನೆಯ ಒಂದು ಮೂಲೆಯನ್ನು ತೊಳೆದು ನನಗಾಗಿ ಬಿಟ್ಟುಕೊಟ್ಟಿದ್ದರು. ಆ ಒಲೆಗಳ ಸಾಲಿನಲ್ಲಿ ಒಂದು ಕಾಲಕ್ಕೆ ಹತ್ತಾರು ಮಂದಿ ದುಡಿಯುತ್ತಿದ್ದರಂತೆ. ನಾನು ಅನ್ನಕ್ಕಿಟ್ಟಾಗ ಪಕ್ಕದ ಒಲೆಗಳು ತಣ್ಣಗಿರುತ್ತಿದ್ದವು.

ನನ್ನ ಬೇಕುಬೇಡಗಳನ್ನು ನೋಡಿಕೊಳ್ಳುತ್ತಿದ್ದವನು ತಿಮ್ಮೇಗೌಡ. ಶಾಂತಿಗ್ರಾಮದವನು, ಆ ಹೋಟೆಲಿನಲ್ಲಿಯೇ ತಲೆ ನರೆತವನು. ಜರಿಪೇಟ, ಬಿಳಿಯ ಉದ್ದ ಕೋಟು, ನಡುಪಟ್ಟಿ. ಹಳೆಯ ಸಮವಸ್ತ್ರವನ್ನು ಬಿಡದೆ ತೊಡುತ್ತಿದ್ದವನು ಅವನೊಬ್ಬನೇ. ಮೊದಲು ಬಡಿಸುವವರ ಮೇಲ್ವಿಚಾರಕನಾಗಿದ್ದನಂತೆ. ಈಗ ಬಡಿಸುವವನೂ ಅವನೇ, ಪೆಟ್ಟಿಗೆ ಹೊರುವವನೂ ಅವನೇ, ಲಿಫ್ಟು ಕೆಟ್ಟಾಗ ಬಾಗಿಲನ್ನು ಕೈಯಿಂದ ಎಳೆದು ಜನರನ್ನು ಹೊರತೆಗೆಯುವವನೂ ಅವನೇ.

ಬಂದ ಅತಿಥಿಗಳ ಪಾಡನ್ನು ನಾನು ದಿನವೂ ಕಾಣುತ್ತಿದ್ದೆ. ದೊಡ್ಡಗದ್ದವಳ್ಳಿಯ ಗುಡಿಯ ಚಿತ್ರ ತೆಗೆಯಲು ಬಂದಿದ್ದ ಒಬ್ಬ ಸಜ್ಜನರ ಮಂಚದ ಮೇಲೆ ಸೂರಿನ ನೀರು ತೊಟ್ಟಿಕ್ಕಿ, ಅವರು ತಲೆದಿಂಬಿನ ಬಳಿ ಛತ್ರಿ ಬಿಚ್ಚಿಟ್ಟುಕೊಂಡು ಮಲಗಿ ಎದ್ದಿದ್ದರು. ಹೋಗುವಾಗ ಕೋಪಿಸಿಕೊಳ್ಳಲಿಲ್ಲ. “ಗುಡಿಯೂ ಸೋರುತ್ತಿದೆ, ಇಲ್ಲಿಯೂ ಸೋರುತ್ತಿದೆ. ಅಲ್ಲಿ ಮಲಗಲು ಬಿಡುವುದಿಲ್ಲ, ಅಷ್ಟೇ ವ್ಯತ್ಯಾಸ” ಎಂದರು. ಅವರು ಮತ್ತೆ ಬರುವುದಿಲ್ಲವೆಂದು ಅವರ ಆ ಸೌಜನ್ಯದಿಂದಲೇ ತಿಳಿಯುತ್ತಿತ್ತು.

ಇನ್ನೊಮ್ಮೆ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರು ಮಗನಿಗೆ ಹುಡುಗಿ ನೋಡಲೆಂದು ಮನೆಮಂದಿಯೊಡನೆ ಬಂದು ಇಳಿದರು. ಬೆಳಗ್ಗೆ ನಾನು ಹಾಲಿಗಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಗ ಊಟದ ಕೋಣೆಯಿಂದ ಮಾತು ಕೇಳಿಬಂತು.

“ಮಸಾಲೆ ದೋಸೆ ಐತೇನಯ್ಯ?”

“ಐತೆ ಸಾ. ಕಾವಲಿ ಕಾಯ್ಬೇಕು,” ಎಂದ ತಿಮ್ಮೇಗೌಡ.

“ಎಷ್ಟೊತ್ತು ಆಯ್ತದೆ?”

“ಗ್ಯಾಸ್ ಬಂದ್ಮ್ಯಾಲೆ ಹತ್ ನಿಮ್ಸ ಸಾ.”

“ಸರಿ ಬುಡು. ಇನ್ನೇನೈತೆ?”

“ಉಪ್ಪಿಟ್ಟು ಐತೆ.”

“ಅದು ನಮ್ ಮನೇಲೂ ಐತೆ ಕಣಯ್ಯ.”

“ಅಲ್ಲಿ ಈ ದೀಪದ ಗೊಂಚಲು ಇರಾಕಿಲ್ವಲ್ಲ ಸಾ.”

ವ್ಯಾಪಾರಿ ತಲೆಯೆತ್ತಿ ನೋಡಿದರು. “ಅದು ಉರೀತದಾ?”

“ಇಲ್ಲ ಸಾ.”

ಮನೆಮಂದಿಯೆಲ್ಲ ನಕ್ಕರು, ತಿಮ್ಮೇಗೌಡನೂ ನಕ್ಕ. ಆದರೆ ಸಂಜೆ ಹೆಣ್ಣಿನ ಕಡೆಯವರು ಬರುವ ಮೊದಲೇ ಅವರು ಕೋಣೆ ಖಾಲಿಮಾಡಿ ಹೆದ್ದಾರಿಯ ಕಡೆಗೆ ಹೋದರು. ಶುಭಕಾರ್ಯಕ್ಕೆ ಇಂಥಲ್ಲಿ ಇಳಿದೆವೆಂದು ಬೀಗರ ಬಾಯಿಗೆ ಸಿಕ್ಕಬಾರದೆಂದು ಅವರ ಮನೆಯಾಕೆ ಹೇಳಿದರಂತೆ. ಹಿಂದೆ ಅದೇ ಬೀಗರ ಬಾಯಿಗೆ ಬೀಳಲೆಂದೇ ಜನ ಅಲ್ಲಿ ಇಳಿಯುತ್ತಿದ್ದರು.

ಪಾರಾಯಣ ನಡೆಯುತ್ತಿದ್ದುದು ಕೆಳಗಿನ ಸಭಾಂಗಣದಲ್ಲಿ. ಅಲ್ಲಿಯೂ ಅಂಥದೇ ಕೆಂಪು ರತ್ನಗಂಬಳಿ ಹಾಸಿತ್ತು. ಮೊದಲ ವಾರ ಊರಿನ ಕೆಲವು ಹೆಂಗಸರು, ನಿವೃತ್ತರು ಬಂದು ಕೇಳಿದರು. ಮಳೆ ಬಲವಾದಂತೆ ಅವರು ಕಡಿಮೆಯಾದರು. ಸೂರಿನ ಒಂದು ಮೂಲೆ ಸೋರಲು ಮೊದಲಾದಾಗ ನನ್ನ ಪೀಠವನ್ನು ನಡುವಿಗೆ ಸರಿಸಿದರು. ಗಂಬಳಿ ನೆನೆದು ಒಣಗದೆ ವಾಸನೆ ಹಿಡಿಯಿತು. ಧೂಪ ಹಾಕಿದಷ್ಟು ಹೊತ್ತು ಅದು ಅಡಗಿರುತ್ತಿತ್ತು. ಆಗ ರುದ್ರಪ್ಪನವರು ಇನ್ನೊಂದು ಏರ್ಪಾಡು ಮಾಡಿದರು: ಹೋಟೆಲಿನ ಅನ್ನ ಉಂಡವರೆಲ್ಲರೂ ದೇವಿಯ ಕಥೆ ಕೇಳಬೇಕು, ಆಗಲೇ ಆಕೆಯ ದೃಷ್ಟಿ ಇತ್ತ ತಿರುಗುವುದು. ಉಳಿದಿದ್ದ ಕೆಲಸದವರು ಬೆರಳಲ್ಲೆಣಿಸುವಷ್ಟು. ಅವರೆಲ್ಲ ಓದಿನ ಹೊತ್ತಿಗೆ ಸ್ನಾನ ಮಾಡಿ, ವಿಭೂತಿಯನ್ನೋ ಕುಂಕುಮವನ್ನೋ ಇಟ್ಟುಕೊಂಡು ಗಂಬಳಿಯ ಮೇಲೆ ಸಾಲಾಗಿ ಕೂರುತ್ತಿದ್ದರು. ಮುಂಬಾಗಿಲ ಬಳಿಯ ಕೌಂಟರಿನಲ್ಲಿ ಆಗ ಯಾರೂ ಇರುತ್ತಿರಲಿಲ್ಲ.

ಈ ಬಗ್ಗೆ ಒಮ್ಮೆ ಮಾತೆತ್ತಿದ್ದೆ. “ಬಂದವರನ್ನು ಕೇಳುವವರು ಒಬ್ಬರಾದರೂ ಬೇಡವೆ?”

“ಬರೋರು ಯಾರಿದಾರೆ ಸ್ವಾಮಿ ಬೆಳಗ್ಗೆ ಹೊತ್ತು?” ಎಂದರು ರುದ್ರಪ್ಪನವರು. “ಬಂದ್ರೂ ಅಮ್ಮನ ಕಥೆ ಮುಗಿಯೋ ತನಕ ಕಾಯ್ತಾರೆ. ಕಾಯದೇ ಇರೋರು ನಮಗೆ ಯಾಕೆ?”

ಶ್ರಾವಣದ ಒಂದು ಶುಕ್ರವಾರ ಆ ಪ್ರವಾಸ ಸಂಸ್ಥೆಯವರು ಬಂದರು. ರಾಜ್ಯ ಕಳೆದುಕೊಂಡ ಅರಸನೊಬ್ಬ ಋಷಿಯ ಆಶ್ರಮಕ್ಕೆ ಬಂದು ತನ್ನ ದುಃಖವನ್ನು ಹೇಳಿಕೊಳ್ಳುವ ಅಧ್ಯಾಯವನ್ನು ನಾನು ಓದುತ್ತಿದ್ದೆ. ಸಭಾಂಗಣದ ಗಾಜಿನ ಬಾಗಿಲಾಚೆ, ಕೌಂಟರಿನ ಮುಂದೆ, ನಡುವಯಸ್ಸಿನ ಒಬ್ಬ ಮಹಿಳೆ ಛತ್ರಿಯಿಂದ ನೀರು ಕೊಡವುತ್ತ ನಿಂತದ್ದು ಕಂಡಿತು. ಜೊತೆಗೆ ಕೊರಳಲ್ಲಿ ಗುರುತಿನ ಪಟ್ಟಿ ಹಾಕಿಕೊಂಡ ಒಬ್ಬ ಗಂಡಸು. ಅವರು ಕೌಂಟರಿನ ಮೇಲಿನ ಗಂಟೆ ಬಾರಿಸಿದರು. ಸ್ವಲ್ಪ ತಡೆದು ಮತ್ತೆ ಬಾರಿಸಿದರು. ರುದ್ರಪ್ಪನವರು ನನ್ನೆದುರಿಗೆ ಕಣ್ಣು ಮುಚ್ಚಿ ಕುಳಿತಿದ್ದರು. ಎರಡನೆಯ ಸಲಕ್ಕೆ ಅವರ ಕಣ್ಣು ತೆರೆಯಿತು, ತಿರುಗಿ ನೋಡಿದರು. ಆ ಗುರುತಿನ ಪಟ್ಟಿಯ ಬಣ್ಣ ಅವರಿಗೆ ಪರಿಚಿತವೆಂಬುದು ಅವರ ಮುಖದಿಂದಲೇ ನನಗೆ ತಿಳಿಯಿತು.

ತಿಮ್ಮೇಗೌಡ ಎದ್ದು, ಪೇಟ ಸರಿಮಾಡಿಕೊಂಡು ಹೊರಗೆ ಹೋದ. ನಾನು ಓದುತ್ತಲೇ ಇದ್ದೆ. ಅವರು ಮೆಟ್ಟಿಲು ಹತ್ತಿ ಮೇಲೆ ಹೋದ ಹೆಜ್ಜೆಸದ್ದು ಕೇಳಿಸಿತು; ಲಿಫ್ಟು ಅಂದು ನಡೆಯುತ್ತಿರಲಿಲ್ಲ. ಮೇಲೆಲ್ಲೋ ಬಾಗಿಲುಗಳು ತೆರೆದು ಮುಚ್ಚಿದವು. ಬಹಳ ಹೊತ್ತಿನ ಮೇಲೆ ಕೆಳಗಿಳಿದು ಬಂದರು. ಆ ಮಹಿಳೆ ಸಭಾಂಗಣದ ಹೊಸ್ತಿಲಲ್ಲಿ ಪಾದರಕ್ಷೆ ಬಿಟ್ಟು, ಒಳಗೆ ಒಂದು ಹೆಜ್ಜೆಯಿಟ್ಟು, ಪೀಠಕ್ಕೆ ಕೈಮುಗಿದು ನಿಂತರು. ಆಕೆಯ ಆ ವಿನಯವನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಅಧ್ಯಾಯ ಮುಗಿಯಿತು. ಪುಸ್ತಕದ ಮೇಲೆ ಕೈಯಿಟ್ಟು ರುದ್ರಪ್ಪನವರಿಗೆ ತಗ್ಗಿದ ದನಿಯಲ್ಲಿ ಹೇಳಿದೆ: “ಎದ್ದು ಹೋಗಿ ಮಾತಾಡಿಸಿ ಬನ್ನಿ. ಪ್ರಾಯಶ್ಚಿತ್ತವನ್ನು ನಾನು ಮಾಡಿಸುತ್ತೇನೆ.”

ಅವರು ಇಲ್ಲವೆಂದು ತಲೆಯಾಡಿಸಿದರು. ಅವರ ಮುಖದಲ್ಲಿ ಆತಂಕದ ಲೇಶವೂ ಇರಲಿಲ್ಲ. ಆ ಮಂಡಲದಲ್ಲಿ ನಾನು ಕಂಡ ಅವರ ಅತ್ಯಂತ ಸಂತೋಷದ ಮುಖ ಅದು. ದೇವಿ ಕಳಿಸಿದವರು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಇದು ತನಗೆ ಆಕೆ ಇಟ್ಟ ಪರೀಕ್ಷೆ. ಈಗ ಕದಲಿದರೆ ಕೈಗೆ ಬಂದುದು ಜಾರುತ್ತದೆ: ಅವರ ಮನಸ್ಸು ಹೀಗೆ ಓಡುತ್ತಿದ್ದುದು ಸ್ಪಷ್ಟವಾಗಿತ್ತು. ಬೆರಳಿನಿಂದ ಪುಸ್ತಕವನ್ನು ತೋರಿಸಿದರು. ಓದಿ, ಎಂದು ಅರ್ಥ. ಯಜಮಾನನು ಓದಿರೆಂದು ಸನ್ನೆ ಮಾಡಿದ ಮೇಲೆ ಓದುವವನಿಗೆ ಬೇರೆ ಮಾತಿಲ್ಲ. ಮುಂದಿನ ಅಧ್ಯಾಯವನ್ನು ಆರಂಭಿಸಿದೆ. ನಾನು ಮತ್ತೆ ತಲೆಯೆತ್ತಿದಾಗ ಹೊಸ್ತಿಲು ಬರಿದಾಗಿತ್ತು.

ಮಂಗಳಾರತಿ ಮುಗಿದೊಡನೆ ರುದ್ರಪ್ಪನವರು ಹೊರಗೆ ಧಾವಿಸಿದರು. ಕಾರು ಹೋಗಿ ಬಹಳ ಹೊತ್ತಾಗಿತ್ತು. ಮುಂಬಾಗಿಲ ಕಂಬಕ್ಕೆ ಒರಗಿ ತಿಮ್ಮೇಗೌಡ ನಿಂತಿದ್ದ.

“ಏನಂದ್ರೋ?”

“ಓನರ್ ಎಲ್ಲಿ ಅಂದ್ರು. ಪಾರಾಯಣಕ್ಕೆ ಕುಂತವ್ರೆ, ಏಳಂಗಿಲ್ಲ ಅಂದೆ. ಮ್ಯಾನೇಜರ್ ಎಲ್ಲಿ ಅಂದ್ರು. ಅವ್ರೂ ಅಲ್ಲೇ ಕುಂತವ್ರೆ ಅಂದೆ. ಅಡುಗೆಯವ್ರು ಅಂದ್ರು. ಅವ್ರೂವೆ ಅಂದೆ.”

“ರೂಮು?”

“ತೋರ್ಸ್ದೆ. ಬಿಸ್ನೀರು ಬುಡು ಅಂದ್ರು. ಬುಟ್ಟೆ. ಕೈ ಇಕ್ಕೊಂಡು ನಿಂತ್ಕಂಡ್ರು, ನಿಂತ್ಕಂಡ್ರು, ಬರ್ನೇ ಇಲ್ಲ. ಆ ಯಮ್ಮ ಒಳ್ಳೇವ್ರು ಬುದ್ಧಿ. ಈಗ ಬತ್ತದೆ ಅಂದ್ಕಂಡು ನನಗೋಸ್ಕರ ಇನ್ನೊಂದ್ ಗಳಿಗೆ ನಿಂತ್ರು.”

ರುದ್ರಪ್ಪನವರ ಮುಖದ ಬೆಳಕು ಇನ್ನೂ ಆರಿರಲಿಲ್ಲ. “ಬಂದ್ರಲ್ಲೋ, ಅದು ನೋಡು. ದೇವಿನೇ ಕರ್ಕೊಂಡು ಬಂದ್ಲು.”

“ಕರ್ಕಂಡ್ ಬಂದೋಳು ಅವ್ಳೇ, ಸರಿ ಬುದ್ಧಿ,” ಎಂದ ತಿಮ್ಮೇಗೌಡ. “ಕೂರ್ಸಿ ಮಾತಾಡ್ಸೋದೂ ಅವ್ಳೇನಾ?”

ರುದ್ರಪ್ಪನವರು ಕೌಂಟರಿನ ಹಿಂದೆ ಹೋಗಿ ಕುಳಿತು, ಆ ಗಂಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಅದರ ಮೇಲೆ ಕೈಯಿಟ್ಟುಕೊಂಡಿದ್ದರು.

ವಾರ ಕಳೆಯುವುದರೊಳಗೆ ಫೋನು ಬಂತು. ಆ ಸಂಸ್ಥೆಯವರು ಹೆದ್ದಾರಿಯ ಇನ್ನೊಂದು ಹೋಟೆಲನ್ನು ಗೊತ್ತುಮಾಡಿದ್ದರು. ಅದನ್ನು ಹೇಳಲು ರುದ್ರಪ್ಪನವರು ನನ್ನ ಕೋಣೆಗೆ ಬಂದು, ಕಿಟಕಿಯಲ್ಲಿ ನಿಂತು ಈಜುಕೊಳವನ್ನು ನೋಡುತ್ತಲೇ ಹೇಳಿದರು. ಮಂಡಲದಲ್ಲಿ ಇನ್ನೂ ಮೂರರಲ್ಲಿ ಒಂದು ಪಾಲು ಉಳಿದಿತ್ತು.

“ನಿಲ್ಲಿಸುವುದಾದರೆ ಶಾಂತಿ ಮಾಡಿ ನಿಲ್ಲಿಸಬಹುದು,” ಎಂದೆ.

“ಯಾಕೆ ನಿಲ್ಸೋದು?”

“ನೀವು ಬೇಡಿದ್ದು ಆಗಲಿಲ್ಲವಲ್ಲ.”

“ನಮ್ಮಪ್ಪ ಹೋಟೆಲ್ ಶುರು ಮಾಡ್ದಾಗ ಒಂದು ಮಾತು ಹೇಳೋರು ಸ್ವಾಮಿ. ಆರ್ಡರ್ ತಗೊಂಡ್ ಮೇಲೆ ಗಿರಾಕಿ ಎದ್ದು ಹೋದ್ರೂ ಅಡುಗೆ ಇಳಿಸ್ಬಾರ್ದು ಅಂತ. ಮುಗ್ಸಿ.”

ಮುಗಿಸುವ ಆ ದಿನಗಳು ದೀರ್ಘವಾಗಿದ್ದವು. ಕೆಲಸದವರು ಒಬ್ಬೊಬ್ಬರಾಗಿ ಹೇಳಿಕೊಂಡೋ ಹೇಳದೆಯೋ ಹೋದರು. ಅಡುಗೆಯವನು ಕೊಣನೂರಿನ ಸಂತೆಯಲ್ಲಿ ಬೋಂಡದ ಅಂಗಡಿ ಇಟ್ಟನೆಂದು ಕೇಳಿದೆ. ಅತಿಥಿಗಳು ಬರುವುದು ಪೂರ್ಣವಾಗಿ ನಿಂತಿತು. ಕೆಲವು ದಿನ ಆ ನಾಲ್ಕು ಮಹಡಿಗಳಲ್ಲಿ ಇರುತ್ತಿದ್ದ ಅತಿಥಿ ನಾನೊಬ್ಬನೇ. ಆದರೂ ತಿಮ್ಮೇಗೌಡ ಬೆಳಗ್ಗೆ ಊಟದ ಕೋಣೆಯ ಮೇಜುಗಳನ್ನೆಲ್ಲ ಒರೆಸಿ, ಲೋಟಗಳನ್ನು ಬೋರಲು ಹಾಕುತ್ತಿದ್ದ. ಯಾರಿಗಾಗಿ ಎಂದು ಕೇಳಿದರೆ, “ಧೂಳಿಗೆ ಸಾಮೇರೆ. ಅದೊಂದೇ ದಿನಾ ಬತ್ತಾ ಇರೋದು” ಎನ್ನುತ್ತಿದ್ದ. ಸಭಾಂಗಣದಲ್ಲಿ ನನ್ನೆದುರಿಗೆ ರುದ್ರಪ್ಪನವರು, ಅವರ ಹಿಂದೆ ತಿಮ್ಮೇಗೌಡ. ಮಳೆಯ ಸದ್ದಿಗೆ ನನ್ನ ದನಿ ಅವರಿಗೆ ಎಷ್ಟು ಕೇಳಿಸುತ್ತಿತ್ತೋ ಹೇಳಲಾರೆ. ಓದುವಾಗ ಭಗವತಿಯನ್ನು ನಾನೂ ಬೇಡಿಕೊಂಡೆ. ಶಾಸ್ತ್ರ ಕಲಿತವನು ಫಲ ಕೇಳಬಾರದೆಂದು ನನ್ನ ಗುರುಗಳು ಕಲಿಸಿದ್ದರು. ಕೇಳಿದೆ. ಅದೂ ಆಕೆಗೆ ಕೇಳಿಸಿದಂತೆ ಕಾಣಲಿಲ್ಲ.

ಕಡೆಯ ದಿನ ಗೌರಿ ಹಬ್ಬದ ಮುನ್ನಾದಿನ. ಹಿಂದಿನ ದಿನವೇ ರುದ್ರಪ್ಪನವರು ಕಚೇರಿಗೆ ಹೋಗಿ ಮಾರಾಟಕ್ಕೆ ರುಜು ಹಾಕಿ ಬಂದಿದ್ದರು. ಕೊಂಡವರು ಗಣೇಶನ ಹಬ್ಬದೊಳಗೆ ಬೀಗದ ಕೈ ಬೇಕೆಂದಿದ್ದರು. ಅಂದು ಓದಬೇಕಾಗಿದ್ದುದು ಫಲಶ್ರುತಿ, ಅಂದರೆ ಪುರಾಣವನ್ನು ಕೇಳಿದವರಿಗೆ ಏನೇನು ದೊರೆಯುವುದೆಂದು ಕೊನೆಯಲ್ಲಿ ಹೇಳುವ ಭಾಗ. ಅದನ್ನು ಬಿಟ್ಟರೆ ಪಾರಾಯಣ ಪೂರ್ತಿಯಾಗದು. ಮೂಲವನ್ನು ಓದಿ, ಅರ್ಥ ಹೇಳದೆ ಪುಸ್ತಕ ಮುಚ್ಚಲು ಹೊರಟೆ.

ಮಂಗಳಾರತಿಯೂ ಆಗಿತ್ತು, ಅವರ ಮೌನ ಮುಗಿದಿತ್ತು. “ಅರ್ಥ ಹೇಳ್ಲಿಲ್ಲ ನೀವು” ಎಂದರು ರುದ್ರಪ್ಪನವರು.

ಹೇಳಿದೆ. ಕೇಳಿದವನ ಮನೆಯಲ್ಲಿ ಧಾನ್ಯ ಕುಂದದು, ದೀಪ ಆರದು, ಅತಿಥಿ ಹಸಿದು ಹಿಂತಿರುಗನು ಎಂದು ಅಲ್ಲಿರುವುದನ್ನು ಇರುವಂತೆಯೇ ಹೇಳಿದೆ. ತಿಮ್ಮೇಗೌಡ ನೆಲ ನೋಡುತ್ತಿದ್ದ. ರುದ್ರಪ್ಪನವರು ಶ್ರದ್ಧೆಯಿಂದ ಕೇಳಿ, ಅಕ್ಷತೆಯನ್ನು ತಲೆಯ ಮೇಲೆ ಹಾಕಿಕೊಂಡರು.

“ಕಟ್ಟಡ ನನ್ನದಲ್ಲ ಈಗ. ಆ ಫಲ ಕೊಂಡ್ಕೊಂಡೋರಿಗೆ ಹೋಗುತ್ತಾ ಸ್ವಾಮಿ?”

“ಇಲ್ಲ. ಸಂಕಲ್ಪ ಮಾಡಿದವನಿಗೆ ಸೇರುವುದು, ಗೋಡೆಗಳಿಗಲ್ಲ.”

“ಹಾಗಾದ್ರೆ ಕಟ್ಟಡಕ್ಕೆ ಏನೂ ಇಲ್ಲ ಅನ್ನಿ.”

ನನಗೆ ತಿಳಿದ ಯಾವ ಶಾಸ್ತ್ರದಲ್ಲಿಯೂ ಅದಕ್ಕೆ ಬೇರೆ ಉತ್ತರವಿರಲಿಲ್ಲ. ಹಾಗೆಯೇ ಹೇಳಿದೆ.

ಅವರು ಬಲಗೈ ಚಾಚಿದರು. ಸಂಕಲ್ಪದ ದಿನ ನಾನು ಕಟ್ಟಿದ ಅರಿಸಿನದ ಕಂಕಣ ಮಣಿಕಟ್ಟಿನಲ್ಲಿತ್ತು. ಕಡೆಯ ದಿನ ಮಾತ್ರ, ಅದನ್ನು ಬಿಚ್ಚುವವರೆಗೆ ಯಜಮಾನನು ಆಸನ ಬಿಡುವಂತಿಲ್ಲ. ಅಷ್ಟು ದಿನದ ಸ್ನಾನದ ನೀರಿಗೆ ದಾರ ಬಿಗಿದು ಗಂಟು ಕಲ್ಲಾಗಿತ್ತು. ಉಗುರಿನಿಂದ ಎಳೆಯುತ್ತ ಕುಳಿತೆ. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ತಿಮ್ಮೇಗೌಡ ಹೋಗಿ ನೋಡಿ ಬಂದ.

“ಬೀಗದ್ ಕೈಗೆ ಬಂದವ್ರೆ ಬುದ್ಧಿ.”

“ಒಳಗೆ ಕರೆದು ಕೂರ್ಸು,” ಎಂದರು ರುದ್ರಪ್ಪನವರು. “ನೀರು ಕೊಡು. ಗಂಟು ಬಿಚ್ತಿದಾರೆ, ಬಂದೆ ಅನ್ನು.”

“ಕೂರಾಕಿಲ್ವಂತೆ. ಬಾಗ್ಲಲ್ಲೇ ನಿಂತವ್ರೆ.”

ನಾನು ಬೆರಳನ್ನು ನಿಧಾನಿಸಿದೆ. ರುದ್ರಪ್ಪನವರು ಅದನ್ನು ಗಮನಿಸಿದರು. ಕೈಯನ್ನು ಹಾಗೆಯೇ ನನ್ನ ಮಡಿಲಲ್ಲಿ ಇಟ್ಟಿದ್ದರು. ಗಂಬಳಿಯ ತೇವ ನಮ್ಮಿಬ್ಬರ ಪಂಚೆಗಳಿಗೂ ಏರಿತ್ತು. ಸ್ವಲ್ಪ ಹೊತ್ತಿಗೆ, ನಾನು ಎಳೆಯದಿದ್ದರೂ, ಹಳೆಯ ದಾರ ತಾನೇ ಕಿತ್ತು ಕೈಗೆ ಬಂತು. ಅವರು ಎದ್ದು ಹೊರಗೆ ನಡೆದರು.